ಜೊತೆಗಿರುವವರಿಗೊಂದು ಮಂಚ

1790ರಲ್ಲಿ ಹ್ಯಾನಾ ಮಿಲ್ಸ್ ಎಂಬ ವಿಧವೆಯನ್ನು ಉತ್ತರ ಇಂಗ್ಲೆಂಡಿನ ಯಾರ್ಕ್ ಊರಿನ ಹುಚ್ಚಾಸ್ಪತ್ರೆಗೆ ಸೇರಿಸಿದರು. ಆಕೆ ಲೀಡ್ಸ್ ಪಟ್ಟಣದವಳು, ಕ್ವೇಕರ್ ಎಂಬ ಕ್ರೈಸ್ತ ಪಂಥಕ್ಕೆ ಸೇರಿದವಳು. ವಿಷಣ್ಣತೆ ಆಕೆಯನ್ನು ಹಿಡಿದು ಬಿಟ್ಟಿರಲಿಲ್ಲ. ದೂರದಲ್ಲಿದ್ದ ಅವಳ ಕಡೆಯವರು ಯಾರ್ಕಿನ ಕ್ವೇಕರರಿಗೆ, ಒಮ್ಮೆ ಹೋಗಿ ನೋಡಿಬನ್ನಿ ಎಂದು ಹೇಳಿಕಳಿಸಿದರು. ಹೋದವರನ್ನು ಒಳಗೆ ಬಿಡಲಿಲ್ಲ. ರೋಗಿ ಯಾರನ್ನೂ ಕಾಣುವ ಸ್ಥಿತಿಯಲ್ಲಿಲ್ಲ ಎಂಬ ಉತ್ತರ ಬಂತು. ಕೆಲವೇ ವಾರಗಳಲ್ಲಿ ಹ್ಯಾನಾ ಅಲ್ಲೇ ತೀರಿಕೊಂಡಳು. ಆ ಗೋಡೆಗಳ ಒಳಗೆ ಏನು ನಡೆಯಿತೆಂದು ಅವಳ ಪೈಕಿಯ ಯಾರಿಗೂ ಗೊತ್ತಾಗಲಿಲ್ಲ.

ಮನೋರೋಗಿಗಳಿಗಾಗಿ ಮನುಷ್ಯರು ಕಟ್ಟಿದ ಕಟ್ಟಡಗಳ ಚರಿತ್ರೆಯನ್ನು ಸಾಮಾನ್ಯವಾಗಿ ಸಂಕೋಲೆ, ಸರಳು, ಬೀಗಗಳ ಕಥೆಯಾಗಿ ಹೇಳುತ್ತಾರೆ. ಅದು ಸುಳ್ಳಲ್ಲ. ಆದರೆ ಆ ನಕ್ಷೆಗಳನ್ನು ನೋಡುವಾಗಲೆಲ್ಲ ನಾನು ಹುಡುಕುವುದು ಬೇರೊಂದು ಜಾಗವನ್ನು: ರೋಗಿಯ ಮನೆಯವರು ಎಲ್ಲಿ ನಿಲ್ಲಬೇಕು? ಗೇಟಿನ ಹೊರಗೋ, ಭೇಟಿಯ ಕೋಣೆಯಲ್ಲೋ, ಮಂಚದ ಪಕ್ಕದಲ್ಲೋ? ಮುನ್ನೂರೈವತ್ತು ವರ್ಷಗಳಲ್ಲಿ ಈ ಪ್ರಶ್ನೆಗೆ ಸಿಕ್ಕ ಉತ್ತರಗಳಲ್ಲಿ ಅತ್ಯುತ್ತಮವಾದದ್ದು ನಮ್ಮ ದೇಶದಲ್ಲಿ ಹುಟ್ಟಿತು ಎಂದು ನನ್ನ ನಂಬಿಕೆ. ಅದನ್ನು ಕಟ್ಟಿದ್ದು ಇಟ್ಟಿಗೆಯಿಂದಲ್ಲ, ಬಟ್ಟೆಯಿಂದ. ಅಲ್ಲಿಗೆ ಬರುವ ಮುಂಚೆ ದೂರದ ದಾರಿಯೊಂದನ್ನು ನಡೆದುಬರಬೇಕು.

ದಾರಿ ಶುರುವಾಗುವುದು ಲಂಡನ್ನಿನಲ್ಲಿ. 1247ರಲ್ಲಿ ಕ್ರೈಸ್ತ ಮಠವಾಗಿ ಆರಂಭವಾದ ಬೆತ್ಲೆಮ್ ಕಾಲಾಂತರದಲ್ಲಿ ಮನೋರೋಗಿಗಳ ಆಸ್ಪತ್ರೆಯಾಯಿತು. 1676ರಲ್ಲಿ ಅದು ಊರಂಚಿನ ಮೂರ್‌ಫೀಲ್ಡ್ಸ್ ಬಯಲಿನ ಹೊಸ ಕಟ್ಟಡಕ್ಕೆ ಹೋಯಿತು. ಕಟ್ಟಡದ ನಕ್ಷೆ ಬರೆದವನು ರಾಬರ್ಟ್ ಹುಕ್. ಸೂಕ್ಷ್ಮದರ್ಶಕದಲ್ಲಿ ಜೀವಕೋಶ ಕಂಡ ವಿಜ್ಞಾನಿ ಎಂದು ನಮ್ಮ ಶಾಲಾಪುಸ್ತಕಗಳಲ್ಲಿ ಬರುವ ಅದೇ ಹುಕ್. ಸುಮಾರು 540 ಅಡಿ ಉದ್ದದ ಮುಖಭಾಗ, ಎದುರಿಗೆ ತೋಟ, ಹೆಬ್ಬಾಗಿಲ ಮೇಲೆ ಶಿಲ್ಪಿ ಸಿಬ್ಬರ್ ಕಡೆದ ಎರಡು ಕಲ್ಲಿನ ಆಕೃತಿಗಳು. ಒಂದು ವಿಷಾದದಲ್ಲಿ ಮೈಚೆಲ್ಲಿದ್ದರೆ ಇನ್ನೊಂದು ಸಂಕೋಲೆಯಲ್ಲಿ ಸೆಣಸುತ್ತಿತ್ತು. ದಾರಿಹೋಕರು ಅರಮನೆ ಎಂದುಕೊಳ್ಳುವಂತಿತ್ತು. ಕಟ್ಟಿಸಿದವರ ಆಸೆಯೂ ಅದೇ ಆಗಿತ್ತು: ಲಂಡನ್ನಿನ ಔದಾರ್ಯ ಎಲ್ಲರ ಕಣ್ಣಿಗೆ ಬೀಳಬೇಕು, ದಾನಿಗಳ ಕೈ ಬಿಚ್ಚಬೇಕು.

ಒಳಗಿನ ಸಂಗತಿ ಬೇರೆ. ಉದ್ದನೆಯ ಮೊಗಸಾಲೆಗಳು, ಒಂದು ಬದಿಗೆ ಸಾಲಾಗಿ ಕೊಠಡಿಗಳು, ಕೊಠಡಿಗಳ ಕಿಟಕಿಗೆ ಗಾಜು ಕೂಡ ಇಲ್ಲ. ಲಂಡನ್ ಚಳಿಗಾಲದಲ್ಲಿ ಗಾಜಿಲ್ಲದ ಕಿಟಕಿ ಎಂದರೆ ಏನೆಂದು ಯಾರೂ ವಿವರಿಸಬೇಕಾಗಿಲ್ಲ. ಆ ಮೊಗಸಾಲೆಗಳಿಗೆ ಊರ ಜನರಿಗೆ ಪ್ರವೇಶವಿತ್ತು. ಕಾಣಿಕೆ ಡಬ್ಬಿಗೆ ಕಾಸು ಹಾಕಿ, ರೋಗಿಗಳನ್ನು ನೋಡಿಕೊಂಡು ಹೋಗಬಹುದಿತ್ತು. 1770ರಲ್ಲಿ ಚೀಟಿ ಇದ್ದವರಿಗಷ್ಟೇ ಎಂಬ ನಿಯಮ ಬರುವವರೆಗೆ ಇದು ನಡೆಯಿತು. ಯಾರ್ಕಿನಲ್ಲಿ ಬೇಕಾದವರಿಗೆ ಬಾಗಿಲು ಮುಚ್ಚಿದ್ದರೆ, ಇಲ್ಲಿ ಬೇಡದವರಿಗೆಲ್ಲ ತೆರೆದಿತ್ತು. ಎರಡೂ ಕಡೆ ಒಳಗಿದ್ದ ಮನುಷ್ಯನ ಇಷ್ಟಾನಿಷ್ಟವನ್ನು ಕೇಳಿದವರಿಲ್ಲ.

ಹಳೆಯ ಕೋಟೆಗೋಡೆಯ ಕಂದಕ ತುಂಬಿಸಿದ ಮಣ್ಣಿನ ಮೇಲೆ, ಸರಿಯಾದ ತಳಪಾಯವಿಲ್ಲದೆ ಎದ್ದಿದ್ದ ಆ ಅರಮನೆ ಕ್ರಮೇಣ ಬಿರುಕುಬಿಟ್ಟು ವಾಲತೊಡಗಿತು. 1814ರಲ್ಲಿ ಸುಧಾರಕ ಎಡ್ವರ್ಡ್ ವೇಕ್‌ಫೀಲ್ಡ್ ಒಳಹೊಕ್ಕಾಗ, ಜೇಮ್ಸ್ ನಾರಿಸ್ ಎಂಬಾತ ಕಬ್ಬಿಣದ ಪಟ್ಟಿಗಳಲ್ಲಿ ಕಂಬಕ್ಕೆ ಬಿಗಿಸಿಕೊಂಡ ಸ್ಥಿತಿಯಲ್ಲಿ ವರ್ಷಾನುಗಟ್ಟಲೆಯಿಂದ ಇದ್ದದ್ದು ಹೊರಬಿತ್ತು. ಮರುವರ್ಷ ಪಾರ್ಲಿಮೆಂಟಿನ ಸಮಿತಿ ವಿಚಾರಣೆಗೆ ಕೂತಿತು, ಆಸ್ಪತ್ರೆಯೂ ಬೇರೆ ಕಟ್ಟಡಕ್ಕೆ ಹೋಯಿತು. ಆ ಕಟ್ಟಡದ ಉಳಿದ ಭಾಗ ಈಗ ಯುದ್ಧ ವಸ್ತುಸಂಗ್ರಹಾಲಯ.

ಲಂಡನ್ ನೋಡುಗರಿಗಾಗಿ ಕಟ್ಟಿದರೆ ವಿಯೆನ್ನಾ ಕಾವಲುಗಾರರಿಗಾಗಿ ಕಟ್ಟಿತು. ಚಕ್ರವರ್ತಿ ಎರಡನೆಯ ಜೋಸೆಫ್ 1784ರಲ್ಲಿ ಎಬ್ಬಿಸಿದ ದುಂಡನೆಯ ಐದಂತಸ್ತಿನ ಗೋಪುರದಲ್ಲಿ ಸುತ್ತಲೂ ಕೊಠಡಿಗಳು, ಗೋಡೆಯಲ್ಲಿ ಸೀಳಿನಂಥ ಕಿಟಕಿಗಳು. ಕೆಲವೇ ವರ್ಷಗಳ ನಂತರ ಇಂಗ್ಲಿಷ್ ಚಿಂತಕ ಜೆರೆಮಿ ಬೆಂಥಾಮ್, ನಡುವೆ ಕೂತ ಒಬ್ಬನೇ ಎಲ್ಲರ ಮೇಲೂ ಕಣ್ಣಿಡಬಹುದಾದ ಕಟ್ಟಡದ ಕಲ್ಪನೆಯನ್ನು ಪ್ರಕಟಿಸಿದ. ಜೈಲಿಗೂ ಆಸ್ಪತ್ರೆಗೂ ಶಾಲೆಗೂ ಅದೇ ನಕ್ಷೆ ಸಾಕು ಎಂಬುದು ಅವನ ವಾದ. ಗ್ಲಾಸ್ಗೊ ನಗರದ ಆಸ್ಪತ್ರೆ ಅದೇ ಛಾಯೆಯಲ್ಲಿ, ನಡುವಿನಿಂದ ನಾಲ್ಕು ರೆಕ್ಕೆ ಚಾಚಿಕೊಂಡು 1814ರಲ್ಲಿ ತೆರೆಯಿತು. ಜೈಲನ್ನೂ ಆಸ್ಪತ್ರೆಯನ್ನೂ ಒಂದೇ ಕೈ ಬರೆಯಬಹುದು ಎಂಬ ಆ ನಂಬಿಕೆ ಮುಂದೆ ಹಡಗು ಹತ್ತಿ ನಮ್ಮ ಊರುಗಳಿಗೂ ಬಂತು.

ಹ್ಯಾನಾಳ ಸಾವು ಮಾತ್ರ ವ್ಯರ್ಥವಾಗಲಿಲ್ಲ. ಯಾರ್ಕಿನ ಚಹಾ ವ್ಯಾಪಾರಿ ವಿಲಿಯಂ ಟ್ಯೂಕ್ ಅದನ್ನು ಮನಸ್ಸಿಗೆ ಹಚ್ಚಿಕೊಂಡ. ವೈದ್ಯನಲ್ಲ, ವಾಸ್ತುಶಿಲ್ಪಿಯೂ ಅಲ್ಲ. ನಮ್ಮವರು ನಮ್ಮವರ ನಡುವೆ ಇದ್ದು ಗುಣವಾಗುವ ಮನೆಯೊಂದು ಬೇಕು ಎಂದು ಕ್ವೇಕರರಿಂದ ಹಣ ಕೂಡಿಸಿದ. 1796ರಲ್ಲಿ ಊರ ಹೊರಗಿನ ದಿಬ್ಬದ ಮೇಲೆ, ಸುಮಾರು 30 ಮಂದಿಗೆ ಸಾಕಾಗುವ 'ರಿಟ್ರೀಟ್' ಬಾಗಿಲು ತೆರೆಯಿತು. ಹೊರಗಿನಿಂದ ಅದು ದೊಡ್ಡ ತೋಟದ ಮನೆ. ಕಿಟಕಿಗಳಿಗೆ ಸರಳಿಲ್ಲ, ಗಾಜು ಹಿಡಿದ ಚೌಕಟ್ಟನ್ನೇ ಕಬ್ಬಿಣದಲ್ಲಿ ಮಾಡಿಸಿ, ಮರದ ಚೌಕಟ್ಟಿನಂತೆ ಕಾಣಿಸಿದ್ದರು. ಒಳಗಿನವರು ಹಾರಿಹೋಗುವಂತಿಲ್ಲ, ಆದರೆ ಹೊರಗಿನ ಹೊಲವನ್ನು ಸರಳಿನ ಸಂದಿಯಿಂದ ನೋಡಬೇಕಾಗಿಯೂ ಇಲ್ಲ. ಅಂಗಳಗಳಲ್ಲಿ ಮೊಲ, ಕೋಳಿಗಳನ್ನು ಸಾಕಿದ್ದರು. ರೋಗಿಗಳು ಅವಕ್ಕೆ ಮೇವು ಹಾಕುತ್ತಿದ್ದರು.

ಈ ಕಿಟಕಿಯ ಬಗ್ಗೆ ಮುಂದಿನ ವಿದ್ವಾಂಸರು ಬಹಳ ಕಟುವಾಗಿ ಬರೆದಿದ್ದಾರೆ. ಬಂಧನವನ್ನು ಮರೆಮಾಚಿದ್ದಷ್ಟೇ, ತೆಗೆದದ್ದಲ್ಲ ಎಂದು. ನನಗೆ ಹಾಗನ್ನಿಸುವುದಿಲ್ಲ. ಒಳಗಿರುವವನಿಗೆ ಅವಮಾನವಾಗಬಾರದು ಎಂದು ಕಟ್ಟುವವನೊಬ್ಬ ಯೋಚಿಸಿದ್ದು ಸಣ್ಣ ಸಂಗತಿಯಲ್ಲ. ಕಬ್ಬಿಣ ಇತ್ತು, ನಿಜ. ಆದರೆ ಕಬ್ಬಿಣಕ್ಕೆ ಮೊತ್ತಮೊದಲು ನಾಚಿಕೆ ಹುಟ್ಟಿದ್ದು ಅಲ್ಲಿ.

ಹತ್ತೊಂಬತ್ತನೇ ಶತಮಾನಕ್ಕೆ ಕಟ್ಟಡದ ಮೇಲೆ ಎಲ್ಲಿಲ್ಲದ ಭರವಸೆ. ಲಂಡನ್ ಹತ್ತಿರದ ಹ್ಯಾನ್ವೆಲ್ ಆಸ್ಪತ್ರೆಯಲ್ಲಿ ವೈದ್ಯ ಜಾನ್ ಕನೊಲಿ 1839ರಲ್ಲಿ ಕೈಕೋಳ, ಪಟ್ಟಿ, ಬಿಗಿಯಂಗಿಗಳನ್ನೆಲ್ಲ ನಿಲ್ಲಿಸಿ, 1847ರಲ್ಲಿ ಇಂಥ ಆಸ್ಪತ್ರೆಗಳನ್ನು ಹೇಗೆ ಕಟ್ಟಬೇಕೆಂದು ಪುಸ್ತಕವನ್ನೇ ಬರೆದ. ಅಮೆರಿಕದ ಫಿಲಡೆಲ್ಫಿಯಾದಲ್ಲಿದ್ದ ವೈದ್ಯ ಥಾಮಸ್ ಕರ್ಕ್‌ಬ್ರೈಡ್ ಇನ್ನೂ ಮುಂದೆ ಹೋದ. ಅವನ ಪ್ರಕಾರ ಕಟ್ಟಡವೇ ಔಷಧಿ. ಹಾಗಾಗಿ ಅದರ ಪ್ರಮಾಣವನ್ನೂ ಔಷಧಿಯಂತೆ ಅಳೆಯಬೇಕು. 1854ರ ಅವನ ಪುಸ್ತಕದಲ್ಲಿ ಕೊಳಾಯಿ, ಕಕ್ಕಸು, ಗಾಳಿಕೊಳವೆ, ಕಿಟಕಿಯ ಎತ್ತರ ಯಾವುದೂ ಬಿಟ್ಟುಹೋಗಿಲ್ಲ. ನಡುವೆ ಆಡಳಿತದ ಕಟ್ಟಡ. ಎಡಬಲಕ್ಕೆ ವಾರ್ಡುಗಳು, ಒಂದರ ತುದಿಯಿಂದ ಇನ್ನೊಂದು ಸ್ವಲ್ಪ ಹಿಂದೆ ಸರಿದು, ಹಾರುವ ಹಕ್ಕಿಗಳ ಸಾಲಿನ ಹಾಗೆ. ಹಾಗೆ ಹಿಂದೆ ಸರಿದದ್ದಕ್ಕೆ ಕಾರಣವಿತ್ತು: ಪ್ರತಿ ವಾರ್ಡಿಗೂ ಎರಡು ತುದಿಯಿಂದ ಗಾಳಿ ಬೆಳಕು ಬರಬೇಕು, ಪ್ರತಿ ಕಿಟಕಿಯಿಂದಲೂ ಹಸಿರು ಕಾಣಬೇಕು. ಒಂದು ಆಸ್ಪತ್ರೆಗೆ ಕನಿಷ್ಠ 100 ಎಕರೆ ನೆಲ. ರೋಗಿಗಳು 250ಕ್ಕಿಂತ ಹೆಚ್ಚಿರಕೂಡದು. ಅಷ್ಟಾದರೆ ಮುಖ್ಯ ವೈದ್ಯ ಎಲ್ಲರ ಹೆಸರನ್ನೂ ಬಲ್ಲವನಾಗಿರುತ್ತಾನೆ. ಈ ಮಾದರಿಯ ಮೊದಲ ಕಟ್ಟಡ ನ್ಯೂಜೆರ್ಸಿಯ ಟ್ರೆಂಟನ್ನಿನಲ್ಲಿ 1848ರಲ್ಲಿ ತೆರೆಯಿತು. ಡೊರೊಥಿಯಾ ಡಿಕ್ಸ್ ಎಂಬ ಉಪಾಧ್ಯಾಯಿನಿ ಜೈಲು, ಧರ್ಮಶಾಲೆಗಳನ್ನು ಸುತ್ತಿ, ಅಲ್ಲಿ ಕೊಳೆಯುತ್ತಿದ್ದ ರೋಗಿಗಳನ್ನು ಕಂಡು, ಶಾಸನಸಭೆಗಳ ಮುಂದೆ ಮನವಿ ಇಟ್ಟು ಇಟ್ಟು ಗೆದ್ದದ್ದು ಅದು.

ಅಷ್ಟು ವಿವರವಾದ ಆ ನಕ್ಷೆಯಲ್ಲಿ ಮನೆಯವರಿಗೆ ಜಾಗವಿರಲಿಲ್ಲ. ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು. ಮನೆ, ಸಂಸಾರ, ವ್ಯವಹಾರದ ತಾಪತ್ರಯಗಳೇ ರೋಗವನ್ನು ಬೆಳೆಸುತ್ತವೆ. ರೋಗಿಯನ್ನು ಅವುಗಳಿಂದ ದೂರ ತಂದು ಶಾಂತ ಪರಿಸರದಲ್ಲಿಟ್ಟರೆ ಅರ್ಧ ಚಿಕಿತ್ಸೆ ಆದಂತೆ ಎಂಬುದು ಕರ್ಕ್‌ಬ್ರೈಡ್ ಕಾಲದ ಗಾಢ ನಂಬಿಕೆ. ಅದಕ್ಕೇ ಪಟ್ಟಣದಿಂದ ಮೈಲಿಗಳಾಚೆಯ ಜಾಗ ಹುಡುಕುತ್ತಿದ್ದರು. ಉದ್ದೇಶ ಒಳ್ಳೆಯದೇ. ಆದರೆ ಮನೆಯವರು ಬಾರದ ಆಸ್ಪತ್ರೆಯನ್ನು ಕೇಳುವವರೂ ಇರುವುದಿಲ್ಲ. ಮುಂದಿನ ದುರಂತದ ಬೀಜ ಆ ದೂರದಲ್ಲೇ ಬಿದ್ದಿತು.

250 ಎಂಬ ಮಿತಿಯನ್ನು ಅಮೆರಿಕದ ಆಸ್ಪತ್ರೆ ಅಧೀಕ್ಷಕರ ಸಂಘವೇ 1866ರಲ್ಲಿ 600ಕ್ಕೆ ಏರಿಸಿತು. ಆಮೇಲೆ ಮಿತಿಯೆಂಬುದೇ ಉಳಿಯಲಿಲ್ಲ. ನ್ಯೂಜೆರ್ಸಿಯಲ್ಲಿ 1876ರಲ್ಲಿ ತೆರೆದ ಗ್ರೇಸ್ಟೋನ್ ಪಾರ್ಕ್ ಆಸ್ಪತ್ರೆಯಲ್ಲಿ 1950ರ ದಶಕದ ಹೊತ್ತಿಗೆ ಏಳು ಸಾವಿರಕ್ಕೂ ಹೆಚ್ಚು ಜನರಿದ್ದರು. ಲಂಡನ್ ಉತ್ತರದ ಕೋಲ್ನಿ ಹ್ಯಾಚ್ ಆಸ್ಪತ್ರೆ 1851ರಲ್ಲಿ ತೆರೆದಾಗ ಅದರ ಮೈಲಿಯ ಮೂರನೇ ಒಂದು ಭಾಗದಷ್ಟು ಉದ್ದದ ಕಾರಿಡಾರ್ ಊರೆಲ್ಲ ಮಾತಾಗಿತ್ತು. ಜಾಗ ಸಾಲದೆ ಹಿತ್ತಲಲ್ಲಿ ಮರದ ತಾತ್ಕಾಲಿಕ ವಾರ್ಡುಗಳನ್ನು ಎಬ್ಬಿಸಿದರು. 1903ರ ಜನವರಿಯ ಒಂದು ಬೆಳಗಿನ ಜಾವ ಅವಕ್ಕೆ ಬೆಂಕಿ ಬಿತ್ತು. ಒಳಗಿದ್ದ 50ಕ್ಕೂ ಹೆಚ್ಚು ಹೆಂಗಸರು ಸುಟ್ಟು ಸತ್ತರು.

ಭಾರತಕ್ಕೆ ಈ ಕಟ್ಟಡಗಳು ಬಂದದ್ದು ಈಸ್ಟ್ ಇಂಡಿಯಾ ಕಂಪನಿಯ ಸಾಮಾನು ಸರಂಜಾಮಿನ ಜೊತೆ. ಮುಂಬಯಿಯಲ್ಲಿ 1745ರಲ್ಲಿ, ಕಲ್ಕತ್ತದಲ್ಲಿ 1787ರಲ್ಲಿ, ಮದರಾಸಿನಲ್ಲಿ 1794ರಲ್ಲಿ. ಮದರಾಸಿನದು ವ್ಯಾಲೆಂಟೈನ್ ಕನೊಲಿ ಎಂಬ ಶಸ್ತ್ರವೈದ್ಯ ನಡೆಸುತ್ತಿದ್ದ ಖಾಸಗಿ ಮನೆ. 16 ಮಂದಿಗೆ ಜಾಗ. ಅದೇ ಊರಿನ ಕಿಲ್ಪಾಕ್‌ನ ದೊಡ್ಡ ಆಸ್ಪತ್ರೆ ಬಂದದ್ದು 1871ರಲ್ಲಿ. ನಡುವೆ 1858ರ ಕಾನೂನು ಪ್ರಾಂತಪ್ರಾಂತಗಳಲ್ಲೂ ಹುಚ್ಚಾಸ್ಪತ್ರೆಗಳನ್ನು ಹುಟ್ಟುಹಾಕಿತು. ಅವುಗಳಲ್ಲಿ ಬಹುಪಾಲು ಇಪ್ಪತ್ತನೇ ಶತಮಾನದ ಆರಂಭದವರೆಗೂ ಜೈಲು ಅಧಿಕಾರಿಗಳ ಉಸ್ತುವಾರಿಯಲ್ಲೇ ಇದ್ದವು. ಒಳಗೆ ಬರುವವನನ್ನು ಪೊಲೀಸರು ತರುತ್ತಿದ್ದರು, ಮ್ಯಾಜಿಸ್ಟ್ರೇಟರು ಸಹಿ ಹಾಕುತ್ತಿದ್ದರು. ಎತ್ತರದ ಗೋಡೆ, ಬಾಗಿಲಿಗೆ ಕಂಬಿ, ಹೊರಗಿನಿಂದ ಮಾತ್ರ ತೆಗೆಯಬಹುದಾದ ಅಗಳಿ. ಟ್ಯೂಕನ ಕಿಟಕಿ ಸಮುದ್ರ ದಾಟಿ ಬರಲಿಲ್ಲ. ರಾಂಚಿಯ ಕಾಂಕೆಯಲ್ಲಿ 1918ರಲ್ಲಿ ಯೂರೋಪಿಯನ್ನರಿಗೆಂದೇ ಒಂದು ಒಳ್ಳೆಯ ಆಸ್ಪತ್ರೆ ತೆರೆಯಿತು. ಭಾರತೀಯರಿಗೆ ಇನ್ನೊಂದು, 1925ರಲ್ಲಿ, ಅಲ್ಲೇ ಹತ್ತಿರದಲ್ಲಿ, ಬೇರೆಯಾಗಿ. ಕಾಯಿಲೆ ಒಂದೇ ಆದರೂ ಅಂಗಳ ಎರಡು.

ಆದರೆ ಜನ ತಮ್ಮವರನ್ನು ಕರೆದೊಯ್ಯುತ್ತಿದ್ದದ್ದು ಆ ಗೇಟುಗಳಿಗಿಂತ ಹೆಚ್ಚಾಗಿ ದೇವಸ್ಥಾನಕ್ಕೆ, ದರ್ಗಾಕ್ಕೆ. ಅಲ್ಲಿ ಕಟ್ಟುವುದೂ ಹೊಡೆಯುವುದೂ ಇತ್ತು, ಅದನ್ನು ಮುಚ್ಚಿಡಬಾರದು. ಆದರೂ ಒಂದು ಸಂಗತಿ ಇತ್ತು: ರೋಗಿ ಮಲಗುವ ಜಗಲಿಯಲ್ಲೇ ತಾಯಿಯೂ ಮಲಗುತ್ತಿದ್ದಳು. ಬುತ್ತಿ ಬಿಚ್ಚಿ ಉಣ್ಣಿಸುವ ಕೈ ಮನೆಯದ್ದೇ ಆಗಿತ್ತು. ನಮ್ಮ ಆಧುನಿಕ ಆಸ್ಪತ್ರೆಗಳು ಇದನ್ನು ಕಂಡುಕೊಳ್ಳಲು ಬಹಳ ಕಾಲ ಹಿಡಿಯಿತು.

ಕನ್ನಡ ನಾಡಿನಲ್ಲಿ ಧಾರವಾಡಕ್ಕೂ ಬೆಂಗಳೂರಿಗೂ ಇಂಥ ಆಸ್ಪತ್ರೆಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ, 1840ರ ದಶಕದಲ್ಲಿ ಬಂದವು. ಮೈಸೂರು ಆಗ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಶಸ್ತ್ರವೈದ್ಯ ಚಾರ್ಲ್ಸ್ ಅರ್ವಿಂಗ್ ಸ್ಮಿತ್ ಮುಂದಾಳುತನದಲ್ಲಿ 1847ರ ಸುಮಾರಿಗೆ ಬೆಂಗಳೂರು ಪೇಟೆ ಪ್ರದೇಶದಲ್ಲಿ ಆಸ್ಪತ್ರೆ ಆರಂಭವಾಯಿತು. ಊರು ಬೆಳೆದಂತೆ ಅಂಗಡಿ, ಗಾಡಿ, ಗದ್ದಲ ಗೋಡೆಯವರೆಗೂ ಬಂದವು. ಒಳಗೆ ರೋಗಿಗಳು ಹೆಚ್ಚುತ್ತಲೇ ಹೋದರು, ಜಾಗ ಹೆಚ್ಚಲಿಲ್ಲ.

ಇದನ್ನು ಬದಲಿಸಲು ಪಟ್ಟು ಹಿಡಿದವರು ಡಾ. ಫ್ರಾಂಕ್ ನೊರೊನ್ಹಾ. 1925ರಲ್ಲಿ ಸಂಸ್ಥೆಗೆ ಮೈಸೂರು ಸರ್ಕಾರಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಬಂದಾಗ ಅದರ ಹೊಣೆ ಅವರದ್ದಾಗಿತ್ತು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಬೆಂಬಲ ದೊರೆಯಿತು. ಊರನ್ನು ಸುಂದರವಾಗಿಡುವುದು ಆಡಳಿತದ ಕರ್ತವ್ಯ ಎಂದು ನಂಬಿದ್ದ ಆ ದಿವಾನರು ಮಾನಸಿಕ ಆಸ್ಪತ್ರೆಯನ್ನು ಆ ಕರ್ತವ್ಯದಿಂದ ಹೊರಗಿಡಲಿಲ್ಲ. ಆಗಿನ ಬೆಂಗಳೂರಿನ ಹೊರವಲಯ, ಹೊಸೂರು ರಸ್ತೆಯ ಲಕ್ಕಸಂದ್ರದ ಬಳಿ, ಸುಮಾರು 100 ಎಕರೆ ಏರುನೆಲ ಸಿಕ್ಕಿತು. 1930ರ ದಶಕದ ಕೊನೆಯ ಹೊತ್ತಿಗೆ ಆಸ್ಪತ್ರೆ ಪೇಟೆ ಬಿಟ್ಟು ಅಲ್ಲಿಗೆ ಹೋಯಿತು. ಒಂದೇ ದೈತ್ಯ ಕಟ್ಟಡವಲ್ಲ; ಬಿಡಿಬಿಡಿಯಾಗಿ ನಿಂತ ವಾರ್ಡುಗಳು, ನಡುನಡುವೆ ಮರ, ಹುಲ್ಲು, ಆಕಾಶ. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯ ಮುಖ್ಯಸ್ಥ ಎಡ್ವರ್ಡ್ ಮ್ಯಾಪೊಥರ್ ಆ ದಶಕದ ಕೊನೆಯಲ್ಲಿ ಸಿಲೋನ್ ಮತ್ತು ಭಾರತದ ಆಸ್ಪತ್ರೆಗಳನ್ನು ನೋಡುತ್ತ ಬಂದವರು. ಕಂಡದ್ದರಲ್ಲಿ ಹೆಚ್ಚಿನದು ಅವರಿಗೆ ಬೇಸರ ತಂದರೂ ಬೆಂಗಳೂರಿನದನ್ನು ಮೆಚ್ಚಿಕೊಂಡರು. ಬ್ರಿಟಿಷ್ ಪ್ರಾಂತಗಳು ಮಾಡದ್ದನ್ನು ದೇಶೀ ಸಂಸ್ಥಾನವೊಂದು ಮಾಡಿ ತೋರಿಸಿತ್ತು. ಮೈಸೂರಿನ ಬಗ್ಗೆ ಅಣೆಕಟ್ಟು, ಕಾರ್ಖಾನೆ, ಉದ್ಯಾನಗಳನ್ನು ಹೇಳಿ ಹೆಮ್ಮೆಪಡುವ ನಾವು ಈ ಆಸ್ಪತ್ರೆಯನ್ನು ಆ ಪಟ್ಟಿಗೆ ಸೇರಿಸುವುದೇ ಇಲ್ಲ. ಸೇರಿಸಬೇಕು.

ನೊರೊನ್ಹಾ ನಂತರ ಬಂದ ಡಾ. ಎಂ.ವಿ. ಗೋವಿಂದಸ್ವಾಮಿ ವಿದೇಶದಲ್ಲಿ ಓದಿ ಬಂದವರು, ಭಾರತೀಯ ತತ್ತ್ವಶಾಸ್ತ್ರದಲ್ಲಿ ಆಸಕ್ತರು. ಅದೇ ಹಸಿರಿನ ನಡುವೆ ಆ ಕಾಲದ ಕಠಿಣ ಚಿಕಿತ್ಸೆಗಳೂ ನಡೆದವು. ಮಿದುಳಿನ ಮುಂಭಾಗದ ಶಸ್ತ್ರಚಿಕಿತ್ಸೆಯ ಬಗ್ಗೆ ಅವರೇ 1944ರಲ್ಲಿ ಪ್ರಬಂಧ ಪ್ರಕಟಿಸಿದ್ದಾರೆ. ಒಳ್ಳೆಯ ಕಟ್ಟಡ ಒಳ್ಳೆಯ ಔಷಧಿ ಬರುವವರೆಗೆ ಕಾಯಬೇಕಾಯಿತು. 1946ರಲ್ಲಿ ದೇಶದ ಆರೋಗ್ಯ ವ್ಯವಸ್ಥೆಯ ಸಮೀಕ್ಷೆ ನಡೆಸಿದ ಭೋರ್ ಸಮಿತಿಗಾಗಿ ಕರ್ನಲ್ ಮೂರ್ ಟೇಲರ್ ದೇಶದ 19 ಮಾನಸಿಕ ಆಸ್ಪತ್ರೆಗಳ ವರದಿ ಕೊಟ್ಟರು: ಹಾಸಿಗೆಗಳು 10,181, ಹೆಚ್ಚಿನ ಕಟ್ಟಡಗಳು ಗುಣಪಡಿಸಲು ಕಟ್ಟಿದವಲ್ಲ, ಹಿಡಿದಿಡಲು ಕಟ್ಟಿದವು, ಕೆಲವಕ್ಕೆ ಸೆರೆಮನೆಯ ವಾಸನೆ. ಬೆಂಗಳೂರಿನ ಆವರಣ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಾಯಿತು, ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. 1974ರಲ್ಲಿ ಅದೇ ನಿಮ್ಹಾನ್ಸ್ ಆಯಿತು.

ಈಗ ಬಟ್ಟೆಯ ಕಥೆಗೆ ಬರುತ್ತೇನೆ.

ದೇಶವಿಭಜನೆ ಪಂಜಾಬಿನ ಮಾನಸಿಕ ಆಸ್ಪತ್ರೆಯನ್ನೂ ಸೀಳಿತ್ತು. ಲಾಹೋರಿನ ಆಸ್ಪತ್ರೆಯಲ್ಲಿದ್ದ ಹಿಂದೂ ಮತ್ತು ಸಿಖ್ ರೋಗಿಗಳನ್ನು 1950ರಲ್ಲಿ ಗಡಿ ದಾಟಿಸಿ ಭಾರತಕ್ಕೆ ಒಪ್ಪಿಸಿದರು. ಉರ್ದು ಕಥೆಗಾರ ಮಂಟೋ 'ಟೋಬಾ ಟೇಕ್ ಸಿಂಗ್' ಕಥೆ ಬರೆದದ್ದು ಈ ಹಸ್ತಾಂತರದ ಮೇಲೆ. ಅಮೃತಸರದ ಆಸ್ಪತ್ರೆ ಕಿಕ್ಕಿರಿಯಿತು. ಹಾಸಿಗೆಯಿಲ್ಲ, ನರ್ಸುಗಳಿಲ್ಲ, ಹಣವಿಲ್ಲ. ಅಲ್ಲಿನ ಅಧೀಕ್ಷಕ ಡಾ. ವಿದ್ಯಾಸಾಗರ್ ಕೊರತೆಯ ನಡುವೆಯೇ ಒಂದು ದಾರಿ ಕಂಡುಕೊಂಡರು. ಸೇನೆಯ ಹಳೆಯ ಡೇರೆಗಳನ್ನು ತರಿಸಿ ಆಸ್ಪತ್ರೆಯ ಬಯಲಿನಲ್ಲಿ ಹಾಕಿಸಿದರು. ರೋಗಿಯನ್ನು ಬಿಟ್ಟುಹೋಗಲು ಬಂದ ಮನೆಯವರಿಗೆ, ಹೋಗಬೇಡಿ, ನೀವೂ ಇಲ್ಲೇ ಇರಿ ಎಂದರು. ಗಂಡನ ಜೊತೆ ಹೆಂಡತಿ, ಮಗನ ಜೊತೆ ತಂದೆ, ಡೇರೆಯ ಮುಂದೆ ಒಲೆ. ಸಂಜೆ ವಿದ್ಯಾಸಾಗರ್ ಎಲ್ಲರನ್ನೂ ಕೂಡಿಸಿಕೊಂಡು ರೋಗವೆಂದರೇನು, ಔಷಧಿ ಯಾಕೆ ನಿಲ್ಲಿಸಬಾರದು, ಮನೆಗೆ ಹೋದ ಮೇಲೆ ಹೇಗೆ ನಡೆದುಕೊಳ್ಳಬೇಕು ಎಂದು ಅವರ ಮಾತಿನಲ್ಲೇ ಹೇಳುತ್ತಿದ್ದರು.

ರೋಗಿಗಳು ಬೇಗ ಚೇತರಿಸಿಕೊಂಡರು. ಮನೆಯವರು ಅವರನ್ನು ಮರಳಿ ಕರೆದುಕೊಂಡು ಹೋದರು. ಬಿಟ್ಟುಹೋಗಿ ವಿಳಾಸ ತಪ್ಪಿಸಿಕೊಳ್ಳುವ ಪ್ರಸಂಗಕ್ಕೆ ಎಡೆಯೇ ಇರಲಿಲ್ಲ, ಏಕೆಂದರೆ ಅವರು ಬಿಟ್ಟೇ ಹೋಗಿರಲಿಲ್ಲ. ಕರ್ಕ್‌ಬ್ರೈಡ್ ರೋಗದ ಮೂಲವೆಂದು ದೂರವಿಟ್ಟ ಸಂಸಾರವನ್ನು ವಿದ್ಯಾಸಾಗರ್ ಚಿಕಿತ್ಸೆಯ ಒಳಗೆ ತಂದು ಕೂರಿಸಿದರು. ಗೋಡೆಯಿಲ್ಲದ, ಬುನಾದಿಯಿಲ್ಲದ ಆ ಡೇರೆಗಳಿಗೆ ಈ ಚರಿತ್ರೆಯಲ್ಲಿ ಹುಕ್‌ನ ಅರಮನೆಗಿಂತ ಎತ್ತರದ ಸ್ಥಾನ ಸಲ್ಲಬೇಕು.

ತಮಿಳುನಾಡಿನ ವೆಲ್ಲೂರಿನಲ್ಲಿ ಕೆನಡಾದ ವೈದ್ಯೆ ಫ್ಲಾರೆನ್ಸ್ ನಿಕೋಲ್ಸ್ 1957ರಲ್ಲಿ ಆರಂಭಿಸಿದ ಮಾನಸಿಕ ಆರೋಗ್ಯ ಕೇಂದ್ರದಲ್ಲಿ ಆ ಬಟ್ಟೆ ಗೋಡೆಯಾಯಿತು: ರೋಗಿ ಮತ್ತು ಮನೆಯವರು ಒಟ್ಟಿಗೆ ಇರುವ ಸಣ್ಣ ಸಣ್ಣ ವಸತಿಗಳು. 1970ರ ದಶಕದ ಹೊತ್ತಿಗೆ ನಿಮ್ಹಾನ್ಸ್‌ನಲ್ಲೂ ಕುಟುಂಬ ಚಿಕಿತ್ಸೆಗೆ ಪ್ರತ್ಯೇಕ ಜಾಗ ಬಂತು. ಇಂದು ಅಲ್ಲಿ 'ಓಪನ್ ವಾರ್ಡ್' ಎಂದರೆ ಜೊತೆಗೆ ಒಬ್ಬರು ಇರುವ ವಾರ್ಡ್. ಹಾವೇರಿಯಿಂದಲೋ ಚಿಂತಾಮಣಿಯಿಂದಲೋ ಚೀಲ ಹಿಡಿದು ಬಂದ ತಾಯಂದಿರು, ಅಣ್ಣಂದಿರು ರೋಗಿಯ ಪಕ್ಕದಲ್ಲೇ ರಾತ್ರಿ ಕಳೆಯುತ್ತಾರೆ. ನಮಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಆದರೆ ಕಾಯಿಲೆ ಬಿದ್ದವರನ್ನು ಇಡೀ ಕುಟುಂಬದಿಂದ ಕಿತ್ತು ಒಳಗಿಟ್ಟ ಇನ್ನೂರು ವರ್ಷಗಳ ನಂತರ ಬಂದ ಬದಲಾವಣೆ ಇದು. 1975ರಿಂದ ನಿಮ್ಹಾನ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಇಟ್ಟು, ಆನೇಕಲ್ ಕಡೆಯ ಸಕಲವಾರದಲ್ಲಿ ಹಳ್ಳಿಗರ ನಡುವೆಯೇ ಚಿಕಿತ್ಸೆ ಕೊಡುವುದನ್ನು ಕಲಿಸತೊಡಗಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅಲ್ಲಿ ಆಸ್ಪತ್ರೆಯೆಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಒಂದು ಮೇಜು, ಎರಡು ಕುರ್ಚಿ, ಮಾತ್ರೆಯ ಕಪಾಟು.

ಪಶ್ಚಿಮದಲ್ಲೂ ಅದೇ ದಶಕಗಳಲ್ಲಿ ಗೋಡೆಗಳು ಅಲುಗಿದವು. 1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಝೀನ್ ಎಂಬ ಔಷಧಿ ಮನೋರೋಗಕ್ಕೆ ಬಳಕೆಗೆ ಬಂದ ಮೇಲೆ ಉನ್ಮಾದವನ್ನು ಕಬ್ಬಿಣವಿಲ್ಲದೆ ಇಳಿಸಬಹುದಾಯಿತು. ಕೆನಡಾದ ವಾಸ್ತುಶಿಲ್ಪಿ ಕಿಯೋಶಿ ಇಝುಮಿ ಮನೋವೈದ್ಯ ಹಂಫ್ರಿ ಆಸ್ಮಂಡ್ ಜೊತೆ ಕೆಲಸ ಮಾಡುತ್ತ, ರೋಗಿಯ ಕಣ್ಣಿಗೆ ಆಸ್ಪತ್ರೆ ಹೇಗೆ ಕಾಣುತ್ತದೆಂದು ತಿಳಿಯಲು ಎಲ್‌ಎಸ್‌ಡಿ ಸೇವಿಸಿ ವಾರ್ಡುಗಳಲ್ಲಿ ಓಡಾಡಿದರು. ಕಾರಿಡಾರ್ ಮುಗಿಯದ ಸುರಂಗವಾಯಿತು, ಹೊಳೆಯುವ ಟೈಲ್ಸು ಕಣ್ಣು ಕುಕ್ಕಿತು, ಕತ್ತಲ ಕಪಾಟು ಬಾಯಿ ತೆರೆದಂತೆ ಕಂಡಿತು, ಎತ್ತರದ ಮಂಚದಲ್ಲಿ ಕೂತರೆ ಕಾಲು ನೆಲಕ್ಕೆ ತಾಗದೆ ಭಯವಾಯಿತು. ಗಡಿಯಾರವಿಲ್ಲ, ಕ್ಯಾಲೆಂಡರಿಲ್ಲ, ಇಂದು ಯಾವ ದಿನವೆಂದು ತಿಳಿಯುವ ಬಗೆಯಿಲ್ಲ. ಆ ಅನುಭವದಿಂದ ಅವರು ಬರೆದ ನಕ್ಷೆಯಲ್ಲಿ ಯಾರ್ಕ್‌ಟನ್ ಊರಿನ ಕೇಂದ್ರ 1960ರ ದಶಕದ ಮಧ್ಯದಲ್ಲಿ ಬಂತು: ಸಣ್ಣ ಮನೆಗಳಂಥ ಘಟಕಗಳು, ಉದ್ದದ ಕಾರಿಡಾರ್ ಇಲ್ಲ. ಆ ಪ್ರಯೋಗವನ್ನು ಇಂದು ಯಾರೂ ಮಾಡಬೇಕಾಗಿಲ್ಲ. ರೋಗಿಯನ್ನೇ ಕೇಳಿದರೆ ಸಾಕು, ಅವರು ಹೇಳುತ್ತಾರೆ.

ಇಟಲಿಯ ಟ್ರಿಯೆಸ್ಟೆಯ ಮಾನಸಿಕ ಆಸ್ಪತ್ರೆಗೆ 1971ರಲ್ಲಿ ನಿರ್ದೇಶಕನಾಗಿ ಬಂದ ಫ್ರಾಂಕೊ ಬಸಾಲ್ಯಾ ಒಳ್ಳೆಯ ಮಾನಸಿಕ ಆಸ್ಪತ್ರೆ ಎಂಬುದೇ ಸಾಧ್ಯವಿಲ್ಲ ಎಂದು ನಂಬಿದವನು. ಅಲ್ಲಿ ಸುಮಾರು 1,200 ರೋಗಿಗಳಿದ್ದರು. 1973ರಲ್ಲಿ ರೋಗಿಗಳೂ ಕಲಾವಿದರೂ ಸೇರಿ ನೀಲಿ ಬಣ್ಣದ ದೊಡ್ಡ ಕುದುರೆಯೊಂದನ್ನು ಮಾಡಿದರು. ಮೆರವಣಿಗೆ ಹೊರಟಾಗ ಕುದುರೆ ಗೇಟಿಗಿಂತ ಎತ್ತರವಿತ್ತು. ಗೇಟನ್ನೇ ಒಡೆದು ಅದನ್ನು ಊರಿಗೆ ಕರೆದೊಯ್ದರು. 1978ರ ಮೇ ತಿಂಗಳಲ್ಲಿ ಇಟಲಿ ಹೊಸ ಮಾನಸಿಕ ಆಸ್ಪತ್ರೆ ಕಟ್ಟುವುದನ್ನೇ ಕಾನೂನಿನಿಂದ ನಿಲ್ಲಿಸಿತು.

ಎಲ್ಲ ಕಡೆಯೂ ಹೀಗೆ ಒಳ್ಳೆಯದಾಗಲಿಲ್ಲ. 1955ರಲ್ಲಿ ಅಮೆರಿಕದ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಸುಮಾರು 5,59,000 ಜನರಿದ್ದರು. ಮುಂದಿನ ದಶಕಗಳಲ್ಲಿ ಅವನ್ನು ಖಾಲಿ ಮಾಡಿದ ವೇಗದಲ್ಲಿ ಊರೊಳಗೆ ಆಸರೆ ಕಟ್ಟಲಿಲ್ಲ. ಹಲವರು ಫುಟ್‌ಪಾತಿಗೆ, ಜೈಲಿಗೆ ಬಿದ್ದರು. ಗ್ರೇಸ್ಟೋನ್ ಪಾರ್ಕ್‌ನ ಮುಖ್ಯ ಕಟ್ಟಡವನ್ನು 2015ರಲ್ಲಿ ಕೆಡವಿದರು. ಕೋಲ್ನಿ ಹ್ಯಾಚ್ ಈಗ ಶ್ರೀಮಂತರ ಫ್ಲ್ಯಾಟುಗಳು.

ನಮ್ಮಲ್ಲಿ ಗೋಡೆ ಒಡೆಯುವ ಕೆಲಸ ನ್ಯಾಯಾಲಯಗಳಿಂದ, ಸಾವುಗಳಿಂದ ಆಯಿತು. ಅಪರಾಧ ಮಾಡದ ಮನೋರೋಗಿಗಳನ್ನು ಜೈಲಿನಲ್ಲಿಡುವುದು ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1993ರಲ್ಲಿ. 1999ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಪ್ರಕಟಿಸಿದ ವರದಿಗಾಗಿ ನಿಮ್ಹಾನ್ಸ್ ತಂಡ ದೇಶದ ಆಸ್ಪತ್ರೆಗಳನ್ನು ಸುತ್ತಿದಾಗ, ಅವುಗಳಲ್ಲಿ ಅನೇಕವು ಕಟ್ಟಿದ ದಿನದ ಜೈಲಿನ ಸ್ವರೂಪವನ್ನೇ ಉಳಿಸಿಕೊಂಡಿದ್ದವು. 2001ರ ಆಗಸ್ಟ್ 6ರ ಮುಂಜಾನೆ ತಮಿಳುನಾಡಿನ ಏರವಾಡಿಯಲ್ಲಿ, ದರ್ಗಾದ ಸುತ್ತ ಹುಟ್ಟಿಕೊಂಡಿದ್ದ ಖಾಸಗಿ ಮನೆಗಳಲ್ಲೊಂದರ ಗರಿಯ ಚಪ್ಪರಕ್ಕೆ ಬೆಂಕಿ ಬಿತ್ತು. ಒಳಗಿದ್ದವರನ್ನು ಸರಪಳಿಯಲ್ಲಿ ಕಟ್ಟಿದ್ದರು. 28 ಜನ ಓಡಲಾಗದೆ ಸತ್ತರು. ಕೋಲ್ನಿ ಹ್ಯಾಚ್‌ನ ಬೆಂಕಿ ಕಳೆದು ಆಗಲೇ ಒಂದು ಶತಮಾನ ಸಮೀಪಿಸಿತ್ತು. ಜಗಲಿಯಲ್ಲಿ ಜೊತೆಗೆ ಮಲಗುತ್ತಿದ್ದ ತಾಯಿ ಈ ಚಪ್ಪರದಲ್ಲಿ ಇರಲಿಲ್ಲ. ಮನೆಯವರು ಹಣ ಕೊಟ್ಟು ಬಿಟ್ಟುಹೋಗುವ ಜಾಗ ಅದಾಗಿತ್ತು.

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ಯಾವ ರೀತಿಯಲ್ಲೂ ಯಾರನ್ನೂ ಸರಪಳಿಯಲ್ಲಿ ಕಟ್ಟುವಂತಿಲ್ಲ. ಏಕಾಂತ ಕೊಠಡಿಯಲ್ಲಿ ಕೂಡಿಹಾಕುವಂತಿಲ್ಲ. ಬಲವಂತವಾಗಿ ತಲೆ ಬೋಳಿಸುವಂತಿಲ್ಲ. ಸ್ವಂತ ಬಟ್ಟೆ ಉಡುವ, ಶುಚಿಯಾದ ಕಕ್ಕಸಿನ, ಖಾಸಗಿತನದ ಹಕ್ಕು ರೋಗಿಗಿದೆ. ಮನೆಯವರು ಕೈಬಿಟ್ಟರು ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಉಳಿಸಿಕೊಳ್ಳುವಂತಿಲ್ಲ. ಅವರಿಗೆ ಊರೊಳಗೆ ವಸತಿ ಕಲ್ಪಿಸುವುದು ಸರ್ಕಾರದ ಹೊಣೆ. ಇವೆಲ್ಲ ಕಾನೂನಿನ ವಾಕ್ಯಗಳಾದರೂ ಒಂದೊಂದನ್ನೂ ಪಾಲಿಸಬೇಕಾದರೆ ಗೋಡೆ, ಬಾಗಿಲು, ಕಿಟಕಿಗಳನ್ನು ಹೊಸದಾಗಿ ಬರೆಯಲೇಬೇಕು.

ಆಸ್ಪತ್ರೆ ಕಟ್ಟಡಗಳು ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಈಗಲೂ ಏಳುತ್ತಿವೆ, ಹಳೆಯವು ದುರಸ್ತಿಯಾಗುತ್ತಿವೆ. ಅವುಗಳಲ್ಲಿ ಮನೋರೋಗ ವಿಭಾಗವನ್ನು ಹಿತ್ತಲ ಮೂಲೆಗೆ, ಶವಾಗಾರದ ಪಕ್ಕದ ಓಣಿಗೆ ತಳ್ಳಬಾರದು. ನಿಮ್ಮ ಊರಿನ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ನೀವಿದ್ದರೆ, ಅಥವಾ ನಿಮ್ಮ ಜಿಲ್ಲಾ ಪಂಚಾಯ್ತಿಗೆ, ಶಾಸಕರಿಗೆ ಒಂದು ಅರ್ಜಿ ಬರೆಯಬಲ್ಲವರಾದರೆ, ನಕ್ಷೆ ಕೇಳಿ ಪಡೆದು ನೋಡಿ. ಮಾನಸಿಕ ಕಾಯಿಲೆಯವರಿಗೆ ಅದರಲ್ಲಿ ಹಾಸಿಗೆ ಇದೆಯೇ, ಕಿಟಕಿ ಯಾವ ಕಡೆಗೆ ತೆರೆಯುತ್ತದೆ, ಪ್ರತಿ ಹಾಸಿಗೆಯ ಪಕ್ಕ ಜೊತೆಗಿರುವವರಿಗೊಂದು ಮಂಚಕ್ಕೆ ಜಾಗ ಬಿಟ್ಟಿದ್ದಾರೆಯೇ ಎಂದು ಕೇಳಿ. ಬಿಟ್ಟಿಲ್ಲವಾದರೆ ಅಡಿಪಾಯ ಹಾಕುವ ಮೊದಲೇ ಬಿಡಿಸಿ.